ಆಕ್ಷೇಪಣೆಗೆ ಕೊನೆಯ ದಿನ

ದೀಪದ ಕಂಬಕ್ಕೆ ಹಳದಿ ನೋಟೀಸು ಕಟ್ಟಿ ಹೋಗಿದ್ದಾರೆ.
ಪ್ಲಾಸ್ಟಿಕ್ ಹೊದಿಕೆಯೊಳಗೆ ಬಸವನಹುಳುವೊಂದು ನುಗ್ಗಿ
ನಲವತ್ತೆರಡು ಫ್ಲ್ಯಾಟು ಎಂಬಲ್ಲಿ
ಎರಡನ್ನು ಆಗಲೇ ತಿಂದು ಮುಗಿಸಿದೆ.
ಇಪ್ಪತ್ತೊಂದು ದಿನದ ಗಡುವು. ನಿನ್ನೆಗೆ ಇಪ್ಪತ್ತು.

ಡರ್ಬಿಯ ಈ ಬೀದಿಯ ನಿವಾಸಿಗಳ ಸಂಘಕ್ಕೆ
ನಾನು ಕಾರ್ಯದರ್ಶಿ. ಯಾಕೆಂದರೆ
ಚುನಾವಣೆಯ ದಿನ ಪೆನ್ನು ಇದ್ದದ್ದು ನನ್ನ ಹತ್ತಿರ ಮಾತ್ರ.

ಚರ್ಚಿನ ಹಿಂದಿನ ಹಾಲ್. ಹದಿನಾಲ್ಕು ಮಂದಿ, ಒಂದು ನಾಯಿ,
ಚಹಾ ಡ್ರಮ್ಮಿನ ಏದುಸಿರು.
ಮರಿಯನ್ ಥ್ರೋಪ್, ಅಧ್ಯಕ್ಷೆ, ಕನ್ನಡಕ ಹಣೆಗೇರಿಸಿ
"ಒಬ್ಬೊಬ್ಬರಾಗಿ" ಅಂದಳು. ಅದೊಂದು ಮಾತ್ರ ಆಗಲಿಲ್ಲ.

ನಲವತ್ತೆರಡು ಮನೆಗೆ ಹನ್ನೊಂದು ಪಾರ್ಕಿಂಗು,
ಉಳಿದವರು ಕಾರನ್ನು ತಲೆ ಮೇಲೆ ಹೊರುತ್ತಾರಾ?
ಬಸ್ಸಿ ಮೇಜು ಗುದ್ದಿದರು, ಬಿಸ್ಕತ್ತು ಎಗರಿತು,
ನಾಯಿಗೆ ಸಿಕ್ಕಿತು.

ಹಲೀನಾಗೆ ಹಕ್ಕಿಯ ಚಿಂತೆ. ಮುಚ್ಚಿದ ಲಾಂಡ್ರಿಯ ಸೂರಿನಡಿ
ಆರು ಜೋಡಿ ಸ್ವಿಫ್ಟುಗಳ ಗೂಡು.
ನನಗೆ ಸ್ವಿಫ್ಟ್ ಎಂದರೆ ಇನ್ನೂ
ಅತ್ತಿಗೆ ಗೇಟಿಗೆ ಗುದ್ದಿಸಿದ ಬೆಳ್ಳಿ ಬಣ್ಣದ ಕಾರು.
ಇವು ಆಕಾಶದಲ್ಲೇ ನಿದ್ದೆ ಮಾಡುತ್ತವಂತೆ,
ಆಫ್ರಿಕಾ ದಾಟಿ ಬಂದು, ಹೋದ ವರ್ಷದ್ದೇ
ಇಟ್ಟಿಗೆ ಸಂದಿಯನ್ನು ಹುಡುಕುತ್ತವಂತೆ.
ಬರೆದುಕೊಂಡೆ.

ಕೊನೆಗೆ ಡೆಸ್ಮಂಡ್, ಕಿಂಗ್‌ಸ್ಟನ್ನಿನವರು,
ಆ ಲಾಂಡ್ರಿಯ ಬಾಯ್ಲರಿಗೆ ಇಪ್ಪತ್ತಾರು ವರ್ಷ ಉಣಿಸಿದವರು:
"ಕೆಳಗೆ ನೀರಿದೆ."
ಅಷ್ಟೇ. ಕೋಲು ಊರಿ ಕೂತುಬಿಟ್ಟರು.

ನೀರಿಲ್ಲದ ಕಡೆ ಯಾರು ಲಾಂಡ್ರಿ ಕಟ್ಟುತ್ತಾರೆ?
ಯಾವುದೋ ಕಾಲದಲ್ಲಿ ಒಂದು ಹಳ್ಳವನ್ನು
ಇಟ್ಟಿಗೆ ಕೊಳವೆಗೆ ತುರುಕಿ ಮೇಲೆ ಬೀದಿ ಹಾಸಿದ್ದಾರೆ.
ಮಳೆ ಜಡಿದ ರಾತ್ರಿ ನೆಲಮಾಳಿಗೆಯ ಮೆಟ್ಟಿಲಲ್ಲಿ ಕೂತರೆ
ಅದು ಮಗ್ಗುಲು ಬದಲಿಸುವುದು ನನಗೂ ಕೇಳುತ್ತದೆ.
ಕಂಪನಿಯ ವರದಿ ತೊಂಬತ್ತಾರು ಪುಟ.
ಅದರಲ್ಲಿ ಹಳ್ಳ ಇಲ್ಲ.

ಸಾಕ್ಷಿ ಬೇಕು ಎಂದಳು ಮರಿಯನ್,
ಸಂಘದ ಹಳೇ ರಿಜಿಸ್ಟರುಗಳ ಪೆಟ್ಟಿಗೆ ತಂದು
ನನ್ನ ಹೊಸಿಲ ಮೇಲಿಟ್ಟು ಹೋದಳು.

ಸಾವಿರದ ಒಂಬೈನೂರ ಎಪ್ಪತ್ತೊಂದು, ನವೆಂಬರ್.
ಯಾರದೋ ಮುತ್ತಿನಂಥ ಅಕ್ಷರ.
ನಾಲ್ಕನೆಯ ವಿಷಯ: ಬೀದಿಯ ತಗ್ಗಿನ ಏಳು ನೆಲಮಾಳಿಗೆಗಳಲ್ಲಿ
ಮೊಣಕಾಲುದ್ದ ನೀರು; ಹಳ್ಳದ ಕೊಳವೆ ಬಿರಿದಿದೆ;
ಕೌನ್ಸಿಲಿಗೆ ಪತ್ರ.
ಸಿಕ್ಕಿತು! ಅಡುಗೆಮನೆಯಲ್ಲಿ ಒಬ್ಬಳೇ ಕೂಗಿದೆ.

ಆಮೇಲೆ ಕಣ್ಣು ಮೂರನೆಯದಕ್ಕೆ ಜಾರಿತು.
ಹದಿನೇಳನೇ ನಂಬರಿನ ಮನೆಯನ್ನು
ಬಾಡಿಗೆ ಕೋಣೆಗಳಾಗಿ ಒಡೆಯುವುದಕ್ಕೆ ವಿರೋಧ.
ಒಂದೇ ಸೂರಿನಡಿ ಹದಿಮೂರು ಮಂದಿ ಭಾರತೀಯರು,
ಹೊತ್ತಲ್ಲದ ಹೊತ್ತಿನಲ್ಲಿ ಅಡುಗೆಯ ವಾಸನೆ,
ಬೀದಿಯ ಸ್ವರೂಪ ಕೆಡುತ್ತದೆ.
ಸರ್ವಾನುಮತ.

ಹದಿನೇಳು ನನ್ನ ಮನೆ.
ಒಲೆಯ ಮೇಲೆ ಒಗ್ಗರಣೆ ಸೀದು ಕರಿಯಾಯಿತು.

ಲ್ಯಾಪ್‌ಟಾಪಿನಲ್ಲಿ ನನ್ನದೇ ಕರಡು ತೆರೆದಿತ್ತು.
ಎರಡನೇ ಪ್ಯಾರಾ, ಮೊದಲ ಸಾಲು:
ಈ ಫ್ಲ್ಯಾಟುಗಳಿಂದ ಬೀದಿಯ ಸ್ವರೂಪ ಕೆಡುತ್ತದೆ.
ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿ ಬಂದಿತ್ತು,
ಮಾದರಿ ಪತ್ರದಲ್ಲಿ ದಿನಾಂಕ ಬರುವ ಹಾಗೆ.

ಆ ಸಾಲು ಅಳಿಸಿದೆ. ಹಳ್ಳವನ್ನು ಮೇಲಕ್ಕೆ ತಂದೆ,
ಹಕ್ಕಿಯನ್ನು ಅದರ ಕೆಳಗೆ.
ಪಾರ್ಕಿಂಗನ್ನು ಬಸ್ಸಿಯವರ ಮುಖ ನೋಡಿ ಉಳಿಸಿದೆ.
ನಲವತ್ತೆರಡು ಎಂಬ ಅಂಕಿಯ ಮುಂದೆ ಬಹಳ ಹೊತ್ತು ಕೂತಿದ್ದೆ.
ಬರುವವರು ಯಾರೋ, ಏನು ಅಡುಗೆ ಮಾಡುವವರೋ.
ಅವರ ನೆಲಮಾಳಿಗೆಗೂ ನೀರು ನುಗ್ಗಬಾರದು ಎಂದು ಬರೆದೆ,
ಅದು ಆಕ್ಷೇಪಣೆಯೋ ಬೇರೇನೋ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಲೈಬ್ರರಿಯ ಜೆರಾಕ್ಸ್ ಯಂತ್ರದ ಮುಂದೆ
ರಿಜಿಸ್ಟರು ಬೋರಲು ಹಾಕಿ ನಿಂತೆ.
ಗುರುತು ಹಾಕಿದ್ದು ನಾಲ್ಕನೆಯದಕ್ಕಷ್ಟೇ ಅಲ್ಲವಾ,
ಮೇಲಿನ ಅರ್ಧಕ್ಕೆ ಬಿಳಿ ಕಾಗದ ಮುಚ್ಚಲಾ
ಎಂದು ಕೇಳಿದ ಅಲ್ಲಿನ ಹುಡುಗ, ಉಪಕಾರಕ್ಕೆ.

ಬೇಡ, ಎಂದೆ. ಹಾಳೆ ಪೂರ್ತಿ ಬರಲಿ.

ಹತ್ತು ಪೆನ್ಸ್ ಆಯಿತು.